ಬಾಡಿಗೆ ಗಾಡಿಯಲ್ಲಿ ರಾತ್ರಿ ಪ್ರಯಾಣ: ಚಾಲಕರಿಗೆ "ನಿಧಾನವಾಗಿ ಹೋಗಿ" ಎಂದು ಹೇಳುವುದು ಹೇಗೆ?

ದಾವಣಗೆರೆಯ ಸೊಸೆ
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ಮನೆಯವರು, ನಾದಿನಿಯ ಮನೆಯವರು ಸೇರಿ ಧರ್ಮಸ್ಥಳ, ಕುಕ್ಕೆಗೆ ಹೊರಟಿದ್ದೇವೆ. ಟೆಂಪೊ ಟ್ರಾವೆಲರ್ (ಟಿಟಿ) ಗೊತ್ತು ಮಾಡುವ ಮಾತುಕತೆ ನಡೆದಿದೆ. ರಾತ್ರಿ ಊಟ ಮುಗಿಸಿ ಹನ್ನೊಂದಕ್ಕೆ ಹೊರಟರೆ ಬೆಳಿಗ್ಗೆ ಸ್ನಾನ, ದರ್ಶನ ಎಲ್ಲ ಮುಗಿಯುತ್ತದೆ, ಒಂದು ದಿನದ ಬಾಡಿಗೆಯೂ ಉಳಿಯುತ್ತದೆ ಎಂಬುದು ಗಂಡಸರ ಲೆಕ್ಕ. ಜೊತೆಗೆ ಅತ್ತೆಯವರು, ಇಬ್ಬರು ಚಿಕ್ಕ ಮಕ್ಕಳು ಇದ್ದಾರೆ.

ನನ್ನ ಮನಸ್ಸು ಒಪ್ಪುತ್ತಿಲ್ಲ. 2024ರ ಜೂನ್‌ನಲ್ಲಿ ಹಾವೇರಿ ಜಿಲ್ಲೆಯ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಇಂಥದ್ದೇ ಗಾಡಿ ಹಿಂದಿನಿಂದ ಗುದ್ದಿ 13 ಮಂದಿ ತೀರಿಕೊಂಡರಲ್ಲ, ಅವರು ಭದ್ರಾವತಿ ತಾಲ್ಲೂಕಿನವರು, ದೇವರ ದರ್ಶನ ಮುಗಿಸಿ ರಾತ್ರಿಯೇ ಊರಿಗೆ ಮರಳುತ್ತಿದ್ದವರು. ಆ ಸುದ್ದಿ ಓದಿದಾಗಿನಿಂದ ರಾತ್ರಿ ಪ್ರಯಾಣ ಎಂದರೆ ಕಣ್ಣು ಮುಚ್ಚಲು ಆಗುವುದಿಲ್ಲ.

ಗಾಡಿ ಜೋರಾಗಿ ಹೋಗುತ್ತಿದೆ ಎನಿಸಿದರೂ ಒಳಗೆ ಕುಳಿತ ಹೆಂಗಸರು ಬಾಯಿ ಬಿಡುವುದಿಲ್ಲ. ಹೇಳಿದರೆ "ನೀವು ಆರಾಮಾಗಿ ಮಲಗಿ ಅಕ್ಕಾ, ನಾನಿದ್ದೇನೆ" ಎನ್ನುತ್ತಾರೆ. ಮನೆಯ ಗಂಡಸರು "ಅವನಿಗೆ ರಸ್ತೆ ಗೊತ್ತು, ಸುಮ್ಮನಿರು" ಎನ್ನುತ್ತಾರೆ. ಚಾಲಕರಿಗೆ ಬೇಸರವಾಗದ ಹಾಗೆ, ಹಿರಿಯರ ಮಾತು ಮುರಿದಂತೆಯೂ ಆಗದ ಹಾಗೆ ಇದನ್ನು ಹೇಗೆ ಹೇಳಬೇಕು? ಗಾಡಿ ಓಡಿಸುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ರಾಣೆಬೆನ್ನೂರಿನಿಂದ
ಅಕ್ಕಾ, ನಿಮ್ಮ ಭಯ ಸುಳ್ಳಲ್ಲ. ನಮ್ಮ ಹೆದ್ದಾರಿಯಲ್ಲಿ ರಾತ್ರಿ ಲಾರಿಗಳು ರಸ್ತೆಯ ಅಂಚಿಗೇ ನಿಂತಿರುತ್ತವೆ. ಕೆಲವಕ್ಕೆ ಹಿಂದಿನ ದೀಪ ಉರಿಯುವುದಿಲ್ಲ, ಹೊಳೆಯುವ ಪಟ್ಟಿಯ ಮೇಲೆ ಮಣ್ಣು ಮೆತ್ತಿರುತ್ತದೆ. ಪಂಚರ್ ಆದರೆ ನಾಲ್ಕು ಕಲ್ಲು, ಒಂದು ಸೊಪ್ಪಿನ ಟೊಂಗೆ ಇಟ್ಟು ಜಾಕ್ ಹಾಕುತ್ತಾರೆ. ಕೆಂಪು ತ್ರಿಕೋನದ ಫಲಕ ಇಡುವವರು ವಿರಳ. ಹೆದ್ದಾರಿಯಲ್ಲಿ ಹೀಗೆ ನಿಂತ ಗಾಡಿ ಕಂಡರೆ 1033ಕ್ಕೆ ಕರೆ ಮಾಡಿ. ಅದು ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿದರೆ ಅವರಿಗೆ ಜಾಗ ಬೇಗ ಸಿಗುತ್ತದೆ.

ಟಿಟಿ ಚಾಲಕ, ಹಾಸನ
ಅಕ್ಕಾವ್ರೇ, ನಾನು ಇದೇ ಗಾಡಿ ಓಡಿಸಿ ಸಂಸಾರ ಸಾಗಿಸುವವನು. ನೀವು ಕೇಳಿದ್ದು ಬಹಳ ಸಂತೋಷ, ಏಕೆಂದರೆ ನಮ್ಮನ್ನು ಯಾರೂ ಕೇಳುವುದಿಲ್ಲ. ಗಾಡಿ ಗೊತ್ತು ಮಾಡುವಾಗ ಎಸಿ ಇದೆಯೇ, ಪುಷ್‌ಬ್ಯಾಕ್ ಸೀಟೇ, ಹಾಡು ಜೋರಾಗಿ ಕೇಳುತ್ತದೆಯೇ ಎಂದೆಲ್ಲ ವಿಚಾರಿಸುತ್ತಾರೆ. ಚಾಲಕ ನಿನ್ನೆ ರಾತ್ರಿ ಮಲಗಿದ್ದನೇ ಎಂದು ಒಬ್ಬರೂ ಕೇಳುವುದಿಲ್ಲ.

ಸೀಸನ್‌ನಲ್ಲಿ ನಡೆಯುವುದು ಹೀಗೆ. ಶಬರಿಮಲೆಯ ಒಂದು ಪಾರ್ಟಿಯನ್ನು ಬೆಳಿಗ್ಗೆ ಊರಿಗೆ ಬಿಟ್ಟಿರುತ್ತೇವೆ. ಗಾಡಿ ತೊಳೆದು, ಡೀಸೆಲ್ ಹಾಕಿಸಿ, ಮನೆಗೆ ಹೋಗಿ ಅನ್ನ ತಿನ್ನುವ ಹೊತ್ತಿಗೆ ಮಾಲೀಕರ ಫೋನ್ ಬರುತ್ತದೆ: ಸಂಜೆ ಇನ್ನೊಂದು ಟ್ರಿಪ್ ಇದೆ. ಹೋಗದಿದ್ದರೆ ಬಾಟಾ (ಟ್ರಿಪ್ಪಿನ ಭತ್ಯೆ) ಇಲ್ಲ, ಮುಂದಿನ ಟ್ರಿಪ್ ಬೇರೆಯವನಿಗೆ. ಕಾನೂನಿನ ಪ್ರಕಾರ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆ ಓಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡುವು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಇದು ಇತ್ತು. ಒಂದೆರಡು ಗಾಡಿ ಇಟ್ಟುಕೊಂಡು ಬಾಡಿಗೆಗೆ ಬಿಡುವವರ ಹತ್ತಿರ ಆ ಮಾತು ಎತ್ತಿದರೆ ಕೆಲಸವೇ ಹೋಗುತ್ತದೆ.

ಇನ್ನು ಹೇಳುವ ರೀತಿ. ಹೊರಡುವ ಮೊದಲು, ಗಾಡಿ ನಿಂತಿರುವಾಗ ಹೇಳಿ. "ಅಣ್ಣಾ, ನಮಗೆ ಅವಸರವಿಲ್ಲ, ಎಷ್ಟು ಹೊತ್ತಿಗೆ ತಲುಪಿದರೂ ಸರಿ" ಎಂದು ಮನೆಯ ಹಿರಿಯರ ಬಾಯಿಂದಲೇ ಹೇಳಿಸಿ. ಆ ಒಂದು ಮಾತಿಗೆ ನಮ್ಮ ಎದೆಯ ಮೇಲಿನ ಅರ್ಧ ಭಾರ ಇಳಿಯುತ್ತದೆ. ಹೊರಡುವುದು ನೀವು ಒಂದು ಗಂಟೆ ತಡ ಮಾಡಿ, ಮಹಾಪೂಜೆಗೆ ತಲುಪಿಸಬೇಕು ಎಂದು ಒತ್ತಾಯ ಮಾಡಿದರೆ ಆ ಒಂದು ಗಂಟೆಯನ್ನು ನಾವು ರಸ್ತೆಯ ಮೇಲೆಯೇ ಹುಡುಕಬೇಕಾಗುತ್ತದೆ. ಓವರ್‌ಟೇಕ್ ಮಾಡುವಾಗ ಮಾತ್ರ ಹಿಂದಿನಿಂದ ಕಿರುಚಬೇಡಿ, ಕೈ ಬೆದರುತ್ತದೆ. ಅದು ಮುಗಿದ ಮೇಲೆ ಮೆಲ್ಲಗೆ ಹೇಳಿ, ಖಂಡಿತ ಕೇಳುತ್ತೇವೆ.

"ನಿದ್ದೆ ಬರುತ್ತಿದೆಯೇ" ಎಂದು ಕೇಳಿದರೆ ನೂರಕ್ಕೆ ನೂರು ಜನ "ಇಲ್ಲ" ಎನ್ನುತ್ತೇವೆ. ಬದಲಿಗೆ "ಮುಂದೆ ಸಿಗುವ ಹೋಟೆಲಿನಲ್ಲಿ ನಿಲ್ಲಿಸಿ, ಮಕ್ಕಳಿಗೆ ಇಳಿಯಬೇಕಂತೆ" ಎನ್ನಿ. ನಿದ್ದೆಯ ಗುರುತುಗಳನ್ನು ನೀವೇ ನೋಡಿಕೊಳ್ಳಬಹುದು: ಪದೇ ಪದೇ ಗಾಜು ಇಳಿಸುವುದು, ಕತ್ತು ತಿಕ್ಕಿಕೊಳ್ಳುವುದು, ಹಂಪ್ ಹತ್ತಿರ ಬಂದ ಮೇಲೆ ಬ್ರೇಕ್ ಒತ್ತುವುದು, ಗಾಡಿ ಬಿಳಿ ಪಟ್ಟಿಯ ಕಡೆ ಸರಿದು ತಟ್ಟನೆ ಹಿಂದೆ ಬರುವುದು. ಇವುಗಳಲ್ಲಿ ಎರಡು ಕಂಡರೂ ನಿಲ್ಲಿಸಿಬಿಡಿ. ಕಾಫಿ ಕುಡಿದು ಇಪ್ಪತ್ತು ನಿಮಿಷ ಸೀಟಿನಲ್ಲೇ ಒರಗಿದರೆ ಸ್ವಲ್ಪ ದೂರ ಹೋಗಬಹುದು, ಆದರೆ ಅದು ರಾತ್ರಿಯ ನಿದ್ದೆಗೆ ಸಮನಲ್ಲ. ಮುಖಕ್ಕೆ ನೀರು, ಜೋರು ಹಾಡು, ಬಾಯಿಗೆ ಗುಟ್ಕಾ, ಇವು ಯಾವುದರಿಂದಲೂ ನಿದ್ದೆ ನಿಲ್ಲುವುದಿಲ್ಲ.

ಮುಂದಿನ ಸೀಟಿನಲ್ಲಿ ಎಚ್ಚರ ಇರುವವರನ್ನು ಕೂರಿಸಿ. ಅಲ್ಲಿ ಕುಳಿತವರು ಗೊರಕೆ ಹೊಡೆದರೆ ನಮಗೂ ಕಣ್ಣು ಎಳೆಯುತ್ತದೆ. ಇನ್ನೊಂದು ಮಾತು, ಕೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. ಊರು ತಲುಪಿದ ಮೇಲೆ ನೀವೆಲ್ಲ ರೂಮಿಗೆ ಹೋಗುತ್ತೀರಿ, ನಾವು ಸೊಳ್ಳೆಯ ನಡುವೆ ಸೀಟಿನ ಮೇಲೆ ಮುದುಡಿ ಮಲಗುತ್ತೇವೆ. ಮರುದಿನ ಘಟ್ಟ ಇಳಿಸುವವನೂ ಅದೇ ಮನುಷ್ಯ. ಚಾಲಕನಿಗೂ ಒಂದು ಹಾಸಿಗೆ ಕೊಡಿಸಿ. ನಿಮ್ಮ ಒಟ್ಟು ಖರ್ಚಿನಲ್ಲಿ ಅದು ಏನೇನೂ ಅಲ್ಲ.

ಹಳೇ ಪ್ರಯಾಣಿಕ
ಚಾಲಕರ ಕಷ್ಟ ಒಪ್ಪುತ್ತೇನೆ. ಆದರೆ ರಾತ್ರಿ ಹೋಗುವುದೇ ತಪ್ಪು ಎನ್ನುವಂತೆ ಮಾತಾಡುವುದು ಸರಿಯಲ್ಲ. ಹಗಲು ಹೊತ್ತು ದ್ವಿಚಕ್ರ ವಾಹನ, ದನಕರು, ಶಾಲೆಯ ಮಕ್ಕಳು ಅಡ್ಡ ಬರುತ್ತಾರೆ. ರಾತ್ರಿ ರಸ್ತೆ ಖಾಲಿ, ಎದುರು ಬರುವ ಗಾಡಿಯ ದೀಪ ದೂರದಿಂದಲೇ ಕಾಣುತ್ತದೆ. ಬಡವರಿಗೆ ಒಂದು ದಿನದ ಬಾಡಿಗೆ, ಒಂದು ರಾತ್ರಿಯ ರೂಮು ಎಂದರೆ ಸಣ್ಣ ಮಾತೇ? ನಮ್ಮ ಸರ್ಕಾರಿ ಬಸ್ಸುಗಳು ರಾತ್ರಿಯಿಡೀ ಓಡುವುದಿಲ್ಲವೇ?

ಲೆಕ್ಕದ ಮೇಷ್ಟ್ರು
ಸರ್, ರಸ್ತೆ ಖಾಲಿ ಇರುವುದೇ ಅಪಾಯ, ಏಕೆಂದರೆ ವೇಗ ಏರುತ್ತದೆ. ಎದುರು ಬರುವ ಗಾಡಿಗೆ ದೀಪವಿದೆ. ಕೆಟ್ಟು ನಿಂತ ಲಾರಿಗೆ ಇಲ್ಲ. ಲೆಕ್ಕ ಹಾಕಿ ನೋಡೋಣ.

ಗಂಟೆಗೆ 100 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಎದುರಿಗೆ ಏನೋ ಇದೆ ಎಂದು ಕಂಡು, ಅರ್ಥವಾಗಿ, ಕಾಲು ಬ್ರೇಕಿನ ಮೇಲೆ ಹೋಗಲು ಒಂದೂವರೆ ಸೆಕೆಂಡ್ ಹಿಡಿಯಿರಿ. ಅಷ್ಟರಲ್ಲಿ 42 ಮೀಟರ್ ಕಳೆದಿರುತ್ತದೆ. ಒಣ ರಸ್ತೆ, ಒಳ್ಳೆಯ ಟೈರ್ ಇದ್ದರೂ ಬ್ರೇಕ್ ಹಿಡಿದು ನಿಲ್ಲಲು ಇನ್ನೊಂದು 55 ಮೀಟರ್ ಬೇಕು. ಒಟ್ಟು 97. ಡಿಪ್ ದೀಪದಲ್ಲಿ, ಅಂದರೆ ಕೆಳಗೆ ಬಾಗಿಸಿದ ಬೆಳಕಿನಲ್ಲಿ, ನಿಮಗೆ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ 60 ಮೀಟರ್ ಎಂದುಕೊಳ್ಳಿ. ಅಂದರೆ ಲಾರಿ ಕಂಡ ಕ್ಷಣದಿಂದ ಎಲ್ಲವನ್ನೂ ಸರಿಯಾಗಿ ಮಾಡಿದರೂ ಅದಕ್ಕೆ ಗುದ್ದುವಾಗ ಗಾಡಿ ಇನ್ನೂ 80ರ ಆಸುಪಾಸಿನಲ್ಲಿರುತ್ತದೆ. ಅದೇ 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ 45 ಮೀಟರ್‌ನಲ್ಲಿ ನಿಲ್ಲುತ್ತದೆ, ಲಾರಿಗೂ ನಿಮಗೂ ನಡುವೆ ಜಾಗ ಉಳಿಯುತ್ತದೆ. ಚಾಲಕನ ಕೌಶಲ ಎಷ್ಟೇ ಇರಲಿ, ಕಾಣುವ ದೂರದೊಳಗೆ ನಿಲ್ಲಲಾಗದ ವೇಗದಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ.

ಇದು ಎಚ್ಚರವಿರುವ ಚಾಲಕನ ಲೆಕ್ಕ. ಕಣ್ಣು ನಾಲ್ಕು ಸೆಕೆಂಡ್ ಮುಚ್ಚಿದರೆ 80 ಕಿ.ಮೀ. ವೇಗದಲ್ಲಿ ಸುಮಾರು 90 ಮೀಟರ್ ಗಾಡಿ ಯಾರ ಕೈಯಲ್ಲೂ ಇರುವುದಿಲ್ಲ. ಮೈ ತಾನಾಗಿ ನಿದ್ದೆ ಬಯಸುವುದು ನಡುರಾತ್ರಿ ಎರಡರಿಂದ ನಸುಕಿನ ಐದು-ಆರರವರೆಗೆ. ಹನ್ನೊಂದಕ್ಕೆ ಹೊರಟವರು ಸರಿಯಾಗಿ ಆ ಹೊತ್ತಿಗೆ ಚಾರ್ಮಾಡಿ ಘಟ್ಟದಲ್ಲಿರುತ್ತಾರೆ.

ಸರ್ಕಾರಿ ಬಸ್ಸಿನ ಹೋಲಿಕೆ ಇಲ್ಲಿಗೆ ಒಗ್ಗುವುದಿಲ್ಲ. ಅಲ್ಲಿ ಡ್ಯೂಟಿಯ ಪಾಳಿ ಇದೆ, ಡಿಪೊ ಇದೆ, ವರ್ಷಗಟ್ಟಲೆ ಅಪಘಾತವಿಲ್ಲದೆ ಓಡಿಸಿದವರಿಗೆ ಪದಕ ಕೊಡುವ ಪದ್ಧತಿ ಇದೆ. ಬಾಡಿಗೆ ಗಾಡಿಯ ಚಾಲಕ ಹತ್ತು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದರೆ ಅವನನ್ನು ಗುರುತಿಸುವವರು ಯಾರು? ಈ ವೇದಿಕೆಯಲ್ಲೇ "ಬೇಗ ತಲುಪಿಸಿದರು" ಎಂದು ಹೊಗಳುವವರಿದ್ದಾರೆ. "ಒಂದು ಸಲವೂ ಭಯವಾಗಲಿಲ್ಲ" ಎಂದು ಹೊಗಳಿ ಬರೆಯಲು ಶುರು ಮಾಡೋಣ.

ಮದ್ದೂರಿನವನು
ಮೇಷ್ಟ್ರ ಲೆಕ್ಕಕ್ಕೆ ನಮ್ಮೂರ ರಸ್ತೆಯೇ ಉದಾಹರಣೆ. ಬೆಂಗಳೂರು–ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಮೊದಲ ತಿಂಗಳುಗಳಲ್ಲಿ ಅಲ್ಲಿ ಸತ್ತವರ ಸುದ್ದಿ ಇಲ್ಲದ ವಾರವಿರಲಿಲ್ಲ. ರಸ್ತೆ ಚೆನ್ನಾಗಿದೆ ಎಂದು ಎಲ್ಲರೂ ಎಳೆದದ್ದೇ. ಆಮೇಲೆ ಪೊಲೀಸರು ವೇಗ ಅಳೆಯುವ ರಾಡಾರ್ ಗನ್ ಹಿಡಿದು ನಿಂತರು, ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಸಿದರು, ಮುಂದಿನ ವರ್ಷ ಕ್ಯಾಮೆರಾ ಬಂತು. ಸಾವು ಕಣ್ಣಿಗೆ ಕಾಣುವಷ್ಟು ಇಳಿಯಿತು. ಜನ ಅವರೇ, ರಸ್ತೆ ಅದೇ. ಮಿತಿ ಮೀರಿದರೆ ನೋಟಿಸ್ ಬಂದೇ ಬರುತ್ತದೆ ಎಂದು ಗೊತ್ತಾದ ಮೇಲೆ ಕಾಲು ತಾನಾಗಿಯೇ ಸಡಿಲವಾಯಿತು.

100 ಮಿತಿ ಬಹಳ ಕಡಿಮೆ ಎಂದು ಗೊಣಗುವವರು ಇನ್ನೂ ಇದ್ದಾರೆ. ಇಡೀ 119 ಕಿ.ಮೀ. ದೂರವನ್ನು 120ರಲ್ಲಿ ಹೊಡೆದರೂ ಉಳಿಯುವುದು ಹನ್ನೆರಡು ನಿಮಿಷ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಕಾಯುವುದು ಅದಕ್ಕಿಂತ ಹೆಚ್ಚು ಹೊತ್ತು. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಬರೀ ದಂಡವಲ್ಲ, ಎಫ್‌ಐಆರ್.

ಬೆಂಗಳೂರಿನ ಕೆಫೆ ಉದ್ಯೋಗಿ
ದಂಡದ ಮಾತು ಬಂದಿತು, ಅದಕ್ಕೇ ಹೇಳುತ್ತೇನೆ. ಬೆಂಗಳೂರಿನಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟರು. ಸಾಲುಗಟ್ಟಿ ಕಟ್ಟಿದರು, 100 ಕೋಟಿಗೂ ಹೆಚ್ಚು ಸಂಗ್ರಹವಾಯಿತು. 2025ರಲ್ಲಿ ಮತ್ತೆ ಕೊಟ್ಟರು. ಪ್ರತಿ ದಿನ ಸಿಗ್ನಲ್‌ನಲ್ಲಿ ನಿಲ್ಲುವ ನನಗೆ ಇದು ಸಂಕಟದ ವಿಷಯ. ತಪ್ಪು ಮಾಡಿ, ಕಟ್ಟದೆ ಕಾದವನಿಗೆ ಲಾಭ. ತಕ್ಷಣ ಕಟ್ಟಿದವನಿಗೆ ಪೂರ್ತಿ ದಂಡ. ಇದರಿಂದ ಯಾವ ಅಭ್ಯಾಸ ಬೆಳೆಯುತ್ತದೆ?

ಮದ್ದೂರಿನವನು
ಬಾಕಿ ವಸೂಲಾಗದೆ ಬಿದ್ದಿದ್ದಾಗ ಬೇರೆ ದಾರಿ ಇರಲಿಲ್ಲ ಎಂಬ ವಾದವಿದೆ. ನನ್ನ ಅಭಿಪ್ರಾಯವೂ ನಿಮ್ಮದೇ. ದಂಡ ಸಣ್ಣದಿರಲಿ, ವಾರದೊಳಗೆ ಮನೆಗೆ ಬರಲಿ, ಯಾರಿಗೂ ಬಿಡುವುದು ಬೇಡ. ದಂಡ ದೊಡ್ಡದಾಗಿದ್ದು ಎಂದೋ ಒಮ್ಮೆ ಬಂದರೆ ಜನ ಅದನ್ನು ಹಣೆಬರಹ ಎಂದುಕೊಳ್ಳುತ್ತಾರೆ.

ತುರ್ತು ಘಟಕದ ನರ್ಸ್
ದಾವಣಗೆರೆಯ ಅಕ್ಕನಿಗೆ: ವೇಗದ ಜೊತೆ ಬೆಲ್ಟ್ ವಿಷಯವನ್ನೂ ಗಟ್ಟಿ ಹಿಡಿಯಿರಿ. ಗಾಡಿ ನೋಡಲು ಹೋದಾಗ ಪ್ರತಿ ಸೀಟಿನ ಬೆಲ್ಟನ್ನು ಎಳೆದು, ಸಿಕ್ಕಿಸಿ ನೋಡಿ. ಎಷ್ಟೋ ಗಾಡಿಗಳಲ್ಲಿ ಬೆಲ್ಟು ಇರುತ್ತದೆ, ಆದರೆ ಹೊಸ ಸೀಟ್ ಕವರ್ ಹಾಕುವಾಗ ಅದನ್ನು ಅಡಿಗೆ ತುರುಕಿಬಿಟ್ಟಿರುತ್ತಾರೆ. ಹಿಂದೆ ಕುಳಿತವರಿಗೆ ಬೇಡ ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಅವರು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕುಳಿತಿದ್ದರು. ಬೆಲೆಬಾಳುವ ಕಾರು ಅವರನ್ನು ಉಳಿಸಲಿಲ್ಲ. 60 ಕಿ.ಮೀ. ವೇಗದಲ್ಲಿ ಬೆಲ್ಟಿಲ್ಲದೆ ಗುದ್ದುವುದು ನಾಲ್ಕನೇ ಮಹಡಿಯಿಂದ ಬಿದ್ದಂತೆ. ಹಿಂದಿನವರು ಹಾರಿ ಬಂದು ಮುಂದಿನ ಸೀಟಿನವರನ್ನು ಜಜ್ಜುತ್ತಾರೆ. ಮಗುವನ್ನು ತೊಡೆಯ ಮೇಲೆ ಕೂರಿಸಿ ತಬ್ಬಿಕೊಂಡರೆ ಸಾಕು ಎಂದುಕೊಳ್ಳಬೇಡಿ, ಆ ಹೊಡೆತದಲ್ಲಿ ಯಾವ ತಾಯಿಯ ಕೈಗೂ ಹಿಡಿಯುವ ಶಕ್ತಿ ಉಳಿಯುವುದಿಲ್ಲ.

ಇನ್ನೊಂದು ಸಂಗತಿಯನ್ನು ಎಲ್ಲರೂ ತಿಳಿದಿರಬೇಕು. ದಾರಿಯಲ್ಲಿ ಗಾಯಾಳು ಕಂಡರೆ ಪೊಲೀಸ್, ಕೋರ್ಟು ಎಂದು ಹೆದರಿ ಮುಂದೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 134ಎ ಕಲಂ ಸಹಾಯ ಮಾಡಿದವರನ್ನು ರಕ್ಷಿಸುತ್ತದೆ. ಹೆಸರು, ವಿಳಾಸ ಕೊಡಲೇಬೇಕು ಎಂದು ಒತ್ತಾಯಿಸುವಂತಿಲ್ಲ. 108 ಅಥವಾ 112ಕ್ಕೆ ಕರೆ ಮಾಡಿ. 2025ರ ಮೇನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಇದೆ. ಹಣ ಹೊಂದಿಸಿಕೊಳ್ಳಲು ನಿಂತು ಮೊದಲ ಗಂಟೆಯನ್ನು ಕಳೆದುಕೊಳ್ಳಬೇಡಿ.

ಕೊಟ್ಟಿಗೆಹಾರದಿಂದ
ಚಾರ್ಮಾಡಿ ಘಟ್ಟದ ತಲೆಯಲ್ಲೇ ನಮ್ಮ ಮನೆ. ಮೇಷ್ಟ್ರು ಹೇಳಿದ್ದು ಸತ್ಯ, ನಸುಕಿನಲ್ಲಿ ಬರಬೇಡಿ. ಮಂಜು ಕವಿದರೆ ತಿರುವು ಎಲ್ಲಿ, ತಡೆಗೋಡೆ ಎಲ್ಲಿ ತಿಳಿಯುವುದಿಲ್ಲ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ತಿರುಗಿ ಕಣ್ಣಿಗೇ ಹೊಡೆಯುತ್ತದೆ, ಡಿಪ್ ಹಾಕಬೇಕು. ಜೋರು ಮಳೆಯಲ್ಲಿ ಗುಡ್ಡ ಕುಸಿಯುತ್ತದೆ, ಹೊರಡುವ ದಿನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿ.

ಇಳಿಯುವಾಗ ಚಾಲಕರು ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಅಲ್ಲೇ ತಡೆಯಿರಿ. ಡೀಸೆಲ್ ಉಳಿಯುತ್ತದೆ ಎನ್ನುತ್ತಾರೆ. ಈಗಿನ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ಆದ್ದರಿಂದ ಆ ಉಳಿತಾಯವೂ ಸುಳ್ಳು. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಬರೀ ಬ್ರೇಕಿನ ಮೇಲೆ ಇಳಿದರೆ ಅರ್ಧ ಘಟ್ಟಕ್ಕೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಪೆಡಲ್ ಒತ್ತಿದರೂ ಗಾಡಿ ಹಿಡಿಯುವುದಿಲ್ಲ. ಕಿರಿದಾದ ತಿರುವಿನಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ. ಜಲಪಾತದ ಫೋಟೊಕ್ಕೆಂದು ತಿರುವಿನಲ್ಲೇ ನಿಲ್ಲಿಸುವವರಿಂದ ನಮಗೆ ಬೇಸತ್ತು ಹೋಗಿದೆ. ಅಲ್ಲಿ ಇಳಿಯುವುದು ಬೇಡ ಎಂದು ಮಕ್ಕಳಿಗೆ ಮೊದಲೇ ಹೇಳಿ.

ತುರುವೇಕೆರೆ ರೈತ
ಚಾಲಕರಿಗೆ ಮಾತ್ರ ಹೇಳಿದರೆ ಸಾಲದು. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೇ ಒಕ್ಕುತ್ತಾರೆ. ಬೈಕಿನವರು ಅದರ ಮೇಲೆ ಜಾರಿ ಬೀಳುತ್ತಾರೆ. ಹುರುಳಿ ಸೊಪ್ಪು ಚಕ್ರದ ಅಚ್ಚಿಗೆ ಸುತ್ತಿಕೊಂಡು ಕಾರುಗಳು ಹೊತ್ತಿ ಉರಿದದ್ದೂ ಇದೆ. ಕಣ ಮಾಡಲು ಜಾಗವಿಲ್ಲ ಎಂಬ ಕಷ್ಟ ನನಗೂ ಗೊತ್ತು, ನಾನೂ ರೈತನೇ. ಪಂಚಾಯಿತಿಯಿಂದ ಒಕ್ಕಣೆ ಕಣಕ್ಕೆ ಒತ್ತಾಯಿಸೋಣ, ರಸ್ತೆ ಬಿಟ್ಟುಬಿಡೋಣ. ಹಾಗೆಯೇ ಕಬ್ಬಿನ ಟ್ರೈಲರ್ ಹಿಂದೆ ಕೆಂಪು ಪಟ್ಟಿ ಅಂಟಿಸಲು ತಗಲುವ ಹಣ ಒಂದು ಟನ್ ಕಬ್ಬಿನ ಬೆಲೆಯ ಮುಂದೆ ಏನೂ ಅಲ್ಲ.

ದಾವಣಗೆರೆಯ ಸೊಸೆ
ಎಲ್ಲರಿಗೂ ಎಷ್ಟು ವಂದನೆ ಹೇಳಿದರೂ ಕಡಿಮೆ. ಮೇಷ್ಟ್ರ ಲೆಕ್ಕವನ್ನು ಮಾವನವರಿಗೆ ಓದಿ ಹೇಳಿದೆ. ಅವರು ಎರಡು ಸಲ ಓದಿಸಿದರು. ಬೆಳಿಗ್ಗೆ ಐದೂವರೆಗೆ ಹೊರಡುವುದು, ಚಿಕ್ಕಮಗಳೂರಿನಲ್ಲಿ ತಿಂಡಿ, ಹಗಲು ಬೆಳಕಿನಲ್ಲಿ ಘಟ್ಟ ಇಳಿಯುವುದು, ರಾತ್ರಿ ಅಲ್ಲೇ ಉಳಿಯುವುದು ಎಂದು ಅವರೇ ತೀರ್ಮಾನ ಮಾಡಿದರು. ಗಾಡಿಯ ಮಾಲೀಕರಿಗೆ ಫೋನ್ ಮಾಡಿ, ಹಿಂದಿನ ರಾತ್ರಿ ಚಾಲಕರಿಗೆ ಟ್ರಿಪ್ ಇರಬಾರದು ಎಂದು ಕೇಳಿದೆವು. ಮೊದಲು ಹಿಂದೆ ಮುಂದೆ ನೋಡಿದರು. ಮುಂಗಡ ಕೊಡುವ ಮೊದಲೇ ಈ ಮಾತು ಆಡಿದ್ದರಿಂದ ಒಪ್ಪಿದರು. ಬಾಟಾ ಜೊತೆಗೆ ಚಾಲಕರಿಗೂ ಹಾಸಿಗೆ ನಮ್ಮದೇ ಖರ್ಚು.

ಟಿಟಿ ಚಾಲಕ, ಹಾಸನ
ಬಹಳ ಸಂತೋಷ ಅಕ್ಕಾವ್ರೇ. ಇನ್ನೊಂದನ್ನು ಕೇಳಿಕೊಳ್ಳಿ: ವೇಗ ನಿಯಂತ್ರಕ ಕೆಲಸ ಮಾಡುತ್ತಿದೆಯೇ ಎಂದು. ನಮ್ಮ ಗಾಡಿಗಳಿಗೆ 80ಕ್ಕೆ ಕಟ್ಟಿರುತ್ತಾರೆ, ಕೆಲವರು ಅದನ್ನು ಬಿಚ್ಚಿಸಿರುತ್ತಾರೆ. ದಾರಿಯಲ್ಲಿ ಮುಳ್ಳು 80 ದಾಟಿದ್ದು ಕಂಡರೆ ಮುಂದಿನ ಸಲ ಆ ಗಾಡಿ ಬೇಡ. ಮಾಲೀಕರ ಫೋನ್ ಬಂದರೆ ಮುಂದೆ ಕುಳಿತವರು ತೆಗೆದುಕೊಂಡು "ಗಾಡಿ ನಿಂತ ಮೇಲೆ ಮಾಡಿಸುತ್ತೇವೆ" ಎನ್ನಲಿ, ನಮಗೆ ಅದು ದೊಡ್ಡ ಉಪಕಾರ.

ಹಳೇ ಪ್ರಯಾಣಿಕ
ಮೇಷ್ಟ್ರೇ, ನಿಮ್ಮ 60 ಮೀಟರ್ ಲೆಕ್ಕ ಓದಿದ ಮೇಲೆ ನನ್ನ ವಾದವನ್ನು ಪೂರ್ತಿ ಎತ್ತಿ ಹಿಡಿಯಲಾರೆ. ಖರ್ಚಿನ ಮಾತು ಮಾತ್ರ ಉಳಿದೇ ಇದೆ. ಕೂಲಿ ಮಾಡುವವರ ಮನೆಯ ದಿಬ್ಬಣ ಟಿಟಿಯಲ್ಲಿ ಹೋಗುವುದಿಲ್ಲ, ಸರಕು ಗಾಡಿಯ ಹಿಂದೆ ನಿಂತು ಹೋಗುತ್ತದೆ. ಅವರಿಗೆ ಏನು ಹೇಳುತ್ತೀರಿ?

ಲೆಕ್ಕದ ಮೇಷ್ಟ್ರು
ಆ ಪ್ರಶ್ನೆ ನ್ಯಾಯವಾದದ್ದು. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಲಾರಿಯಲ್ಲೇ ಹೊರಟಿದ್ದ ವ್ಯಾಪಾರಿಗಳಲ್ಲಿ 10 ಮಂದಿ ಯಲ್ಲಾಪುರದ ಗುಳ್ಳಾಪುರದ ಬಳಿ ಕಂದಕಕ್ಕೆ ಬಿದ್ದು ಸತ್ತರು. ಅವರಿಗೆ ನಿಯಮ ಗೊತ್ತಿರಲಿಲ್ಲ ಎಂದಲ್ಲ, ಆ ಹೊತ್ತಿಗೆ ಸರಕಿನ ಜೊತೆ ಹೋಗಲು ಬೇರೆ ಗಾಡಿ ಅವರ ಕೈಗೆ ಎಟುಕುತ್ತಿರಲಿಲ್ಲ. ದಿಬ್ಬಣಕ್ಕಾದರೆ ಸಾರಿಗೆ ಸಂಸ್ಥೆಯ ಡಿಪೊಗಳಲ್ಲಿ ಸಾಂದರ್ಭಿಕ ಒಪ್ಪಂದದ ಮೇಲೆ ಬಸ್ ಕೊಡುತ್ತಾರೆ. ಎರಡು ಮನೆಯ ದಿಬ್ಬಣ ಸೇರಿ ಒಂದು ಬಸ್ ಹಿಡಿದರೆ ತಲೆಗೆ ಬೀಳುವ ಹಣ ಅಷ್ಟೇನೂ ಆಗುವುದಿಲ್ಲ. ಸಂತೆಯ ವ್ಯಾಪಾರಿಗಳಿಗೆ ಅದು ಆಗದು. ಅವರಿಗೆ ನಸುಕಿನ ಬಸ್ಸು ಬೇಕು, ಚೀಲ ಹಾಕಲು ಜಾಗವಿರಬೇಕು. ಸಂತೆಯ ದಿನಕ್ಕೆ ಅಂಥ ಬಸ್ ಕೊಡಿ ಎಂದು ಡಿಪೊ ವ್ಯವಸ್ಥಾಪಕರಿಗೆ ಬರೆಯುವ ಅರ್ಜಿಯನ್ನು ನಾನು ತಯಾರು ಮಾಡುತ್ತೇನೆ. ನಿಮ್ಮ ಊರಿನ ಸಂತೆ ಯಾವ ವಾರ, ಎಷ್ಟು ಹೊತ್ತಿಗೆ ಸೇರುತ್ತದೆ, ಎಲ್ಲಿಂದ ಎಷ್ಟು ಮಂದಿ ಹೋಗುತ್ತಾರೆ ಎಂಬುದನ್ನು ಇಲ್ಲಿಯೇ ಬರೆಯಿರಿ.